ಮಿಲ್ ನಡೆಸುತ್ತಿದ್ದವನು

2025ರ ಫೆಬ್ರುವರಿ 11, ಮಂಗಳವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ಕುರುಗೋಡು ಪೊಲೀಸ್ ಠಾಣೆಯ ಮುಂದೆ ಆಟೋದಿಂದ ಇಳಿದ ಹೆಂಗಸೊಬ್ಬರು ಒಳಗೆ ಬಂದು, ಯಾರನ್ನು ಕೇಳಬೇಕೆಂದು ತಿಳಿಯದೆ ಗೋಡೆಗೆ ಒತ್ತಿ ನಿಂತರು. ಜೊತೆಗೆ ಇಪ್ಪತ್ತರ ಆಸುಪಾಸಿನ ಮಗಳಿದ್ದಳು. ರೈಟರ್ ಕೆಲಸ ನೋಡುತ್ತಿದ್ದ ಕಾನ್‌ಸ್ಟೇಬಲ್ ಎರ್ರಿ ತಲೆಯೆತ್ತಿದ.

"ಏನಮ್ಮಾ?"

"ನಮ್ಮನಿಯವ್ರು ರಾತ್ರಿ ಮನಿಗೆ ಬಂದಿಲ್ರಿ."

ಇನ್‌ಸ್ಪೆಕ್ಟರ್ ಅಂಜನಾ ಆಗಷ್ಟೇ ಬಂದು ಕೂತಿದ್ದರು. ಇಬ್ಬರನ್ನೂ ಒಳಗೆ ಕರೆಸಿ ಕೂಡಿಸಿದರು. ಹೆಂಗಸಿನ ಹೆಸರು ಶಹಜಾದಿ, ಮಗಳು ಸುಲ್ತಾನಾ. ಮನೆ ಕುರುಗೋಡಿನಲ್ಲೇ, ಮಸೀದಿ ಹಿಂದಿನ ಓಣಿ.

"ಗಂಡನ ಹೆಸರು?"

"ಗೌಸಸಾಬ್ ರಿ."

"ಏನ್ ಕೆಲಸ?"

"ಸಿರುಗುಪ್ಪದಾಗ ಪಾಲಯ್ಯನವರ ರೈಸ್ ಮಿಲ್ ಐತಲ್ರಿ, ಅಲ್ಲಿ ಆಫೀಸ್‌ನಾಗ ಅದಾರ. ಆಳುಗಳ ಹಾಜರಿ, ಪಗಾರ, ಪಿ.ಎಫ್. ಎಲ್ಲಾ ಅವ್ರೇ ನೋಡ್ತಾರ. ಲಗ್ನಕ್ಕೂ ಮೊದ್ಲಿಂದ ಅಲ್ಲೇ ಇದ್ದಾರ್ರಿ."

"ಕೊನೀಗೆ ಯಾವಾಗ ಮಾತಾಡಿದ್ರಿ?"

"ನಿನ್ನಿ ಸಂಜಿ ಮಿಲ್ ಬಿಡೋ ಮುಂದ ಫೋನ್ ಮಾಡಿದ್ರು. ದಾರ್ಯಾಗ ಒಬ್ರು ಸಿಗ್ತೀನಿ ಅಂದಾರ, ಮಾತಾಡಿ ಬರ್ತೀನಿ, ನೀವು ಉಣ್ರಿ ಅಂದ್ರು. ಆಮ್ಯಾಲೆ ಫೋನ್ ಹತ್ತಲೇ ಇಲ್ಲ."

"ಯಾರು ಸಿಗ್ತಾರಂತ?"

"ಹೇಳ್ಲಿಲ್ರಿ. ಮಿಲ್ಲಿನ ಮಾತು ನನ್ ಹತ್ರ ಆಡೋದೇ ಇಲ್ಲ ಅವ್ರು."

ಎರ್ರಿ ಕಾಣೆಯಾದ ಪ್ರಕರಣ ದಾಖಲಿಸಿಕೊಂಡ. ಹೀರೋ ಹೋಂಡಾ ಬೈಕಿನ ನಂಬರು, ಚಹರೆ, ಉಟ್ಟ ಬಟ್ಟೆ: ಬಿಳಿ ಅಂಗಿ, ಬೂದು ಪ್ಯಾಂಟು. ಶಹಜಾದಿ ಅವನ್ನೆಲ್ಲ ತಡವರಿಸದೆ ಹೇಳಿದರು. ಭಾವಚಿತ್ರ ಕೇಳಿದಾಗ ಮಾತ್ರ ಮಗಳ ಮುಖ ನೋಡಿದರು. ಸುಲ್ತಾನಾ ತನ್ನ ಮೊಬೈಲಿನಿಂದ ಒಂದನ್ನು ಕಳಿಸಿದಳು. ಯಾರದೋ ಮದುವೆಯಲ್ಲಿ ಊಟದ ಸಾಲಿಗೆ ನೀರು ಬಡಿಸುತ್ತ ನಕ್ಕ ಮುಖ.

ಬೈಕು ಅಂದೇ ಮಧ್ಯಾಹ್ನ ಸಿಕ್ಕಿತು. ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ ಕಾಲುವೆ ಏರಿಯ ಮೇಲೊಂದು ಮಣ್ಣಿನ ದಾರಿ ಹೊರಳುತ್ತದೆ. ಭತ್ತದ ಗದ್ದೆಗೆ ನೀರು ತಿರುವಲು ಬಂದ ರೈತನೊಬ್ಬ ಕಾಲುವೆಯ ನೀರಲ್ಲಿ ಹ್ಯಾಂಡಲ್ ಕಂಡು ಠಾಣೆಗೆ ಫೋನ್ ಮಾಡಿದ್ದ. ಹಗ್ಗ ಕಟ್ಟಿ ಬೈಕನ್ನು ಮೇಲೆಳೆದರು. ಹೆಡ್ ಕಾನ್‌ಸ್ಟೇಬಲ್ ಹುಲುಗೇಶ ಅದರ ಸುತ್ತ ಒಮ್ಮೆ ಸುತ್ತಿ ಬಗ್ಗಿ ನೋಡಿದ.

"ಮೇಡಂ, ಸ್ಟ್ಯಾಂಡ್ ನೋಡ್ರಿ."

ಸೈಡ್ ಸ್ಟ್ಯಾಂಡ್ ಕೆಳಗಿತ್ತು. ಕೀಲಿ ಬಂದ್ ಆಗಿತ್ತು. ಓಡಿಸುತ್ತ ಜಾರಿ ಬಿದ್ದ ಬೈಕಲ್ಲ ಅದು. ಯಾರೋ ಏರಿಯ ಮೇಲೆ ನಿಲ್ಲಿಸಿದ್ದರು, ಆಮೇಲೆ ಯಾರೋ ತಳ್ಳಿದ್ದರು.

ಅಂಜನಾ ಇಬ್ಬರು ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಬರೆಸಿದರು. ಏರಿಯ ಮಣ್ಣಿನಲ್ಲಿ ಕಾರಿನ ಚಕ್ರದ ಗುರುತಿತ್ತು. ಆದರೆ ಬೆಳಗಿನಿಂದ ಎರಡು ಟ್ರ್ಯಾಕ್ಟರ್ ಅದರ ಮೇಲೆ ಹಾಯ್ದಿದ್ದವು. ಫೋಟೊ ತೆಗೆಸಿದರು, ಅಷ್ಟೇ.

ಅಗ್ನಿಶಾಮಕ ದಳದವರು ಕತ್ತಲಾಗುವವರೆಗೂ ಹುಡುಕಿದರು. ಹೆಣ ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ಕಾಲುವೆಯ ಕೆಳಗಡೆಯ ತೂಬಿನ ಜಾಲರಿಯಲ್ಲಿ, ಕಸಕಡ್ಡಿಯ ನಡುವೆ. ಬಿಳಿ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಗುರುತು ಹಿಡಿಯಲು ಶಹಜಾದಿ ಬಂದರು. ಮುಖ ನೋಡಲಿಲ್ಲ. ಎಡಗೈ ಬೆರಳಿನ ಉಂಗುರ ನೋಡಿ, "ಹೌದ್ರಿ" ಎಂದು ಏರಿಯ ಮೇಲೆ ಕೂತುಬಿಟ್ಟರು.

ಬಳ್ಳಾರಿಯ ಆಸ್ಪತ್ರೆಯಿಂದ ಮರಣೋತ್ತರ ಪರೀಕ್ಷೆಯ ವರದಿ ಸಂಜೆ ಬಂತು. ತಲೆಯ ಹಿಂಭಾಗದಲ್ಲಿ ಎರಡು ಪೆಟ್ಟು, ಮೊಂಡಾದ ಭಾರದ ವಸ್ತುವಿನಿಂದ. ಶ್ವಾಸಕೋಶದಲ್ಲಿ ನೀರಿಲ್ಲ. ನೀರಿಗೆ ಬೀಳುವ ಮೊದಲೇ ಜೀವ ಹೋಗಿತ್ತು. ಕಾಣೆಯಾದ ಪ್ರಕರಣವನ್ನು ಕೊಲೆ ಮತ್ತು ಸಾಕ್ಷ್ಯ ನಾಶದ ಕಲಮುಗಳಡಿ ಬದಲಿಸಿ, ಅಂಜನಾ ಎಫ್‌ಐಆರ್ ಅನ್ನು ನ್ಯಾಯಾಲಯಕ್ಕೆ ಕಳಿಸಿದರು.

ರಾತ್ರಿಯೇ ದಫನ್ ಆಯಿತು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ನೋಡಿಕೊಂಡು ಬಾ ಎಂದು ಅಂಜನಾ ಎರ್ರಿಯನ್ನು ಕಬ್ರಸ್ತಾನಕ್ಕೆ ಕಳಿಸಿದ್ದರು. ಎರ್ರಿ ಮರುದಿನ ಹೇಳಿದ: "ಮಿಲ್ಲಿನ ಮಂದಿ ಒಂದು ಲಾರಿ ತುಂಬ ಬಂದಿದ್ರು ಮೇಡಂ. ಮಾಲಕ್ರು ಬಂದು ಐದು ನಿಮಿಷಕ್ಕ ಹೋದ್ರು. ಮಿಲ್ಲಿನ ಎಂಜಿನಿಯರ್ ಒಬ್ರು, ದೊಡ್ಡಬಸವರಾಜ ಅಂತ, ಹೆಗಲು ಕೊಟ್ರು, ಮಣ್ಣು ಹಾಕಿದ್ರು. ಎಲ್ರೂ ಹೋದ ಮ್ಯಾಲೂ ನಿಂತಿದ್ರು."

*

ಗುರುವಾರ ಅಂಜನಾ, ಹುಲುಗೇಶ ಸಿರುಗುಪ್ಪಕ್ಕೆ ಹೋದರು. ಮಿಲ್ಲು ದೊಡ್ಡದು. ಗೇಟಿನೊಳಗೆ ಭತ್ತದ ಲಾರಿಗಳ ಸಾಲು, ಹಿಂದೆ ಬಾಯ್ಲರ್ ಚಿಮಣಿ, ಅದರಾಚೆ ಹೊಟ್ಟಿನ ಗುಡ್ಡೆ. ಗಾಳಿಯಲ್ಲಿ ಬೆಂದ ಭತ್ತದ ವಾಸನೆ, ತೌಡಿನ ಧೂಳು.

ಮಾಲೀಕ ಪಾಲಯ್ಯ ಅರವತ್ತು ದಾಟಿದವನು. ಎಸಿ ಕೋಣೆಯಲ್ಲಿ ಕೂಡಿಸಿ ಟೀ ತರಿಸಿದ.

"ಗೌಸಸಾಬ್ ಅಂದ್ರ ಬಂಗಾರದಂಥ ಮನುಷ್ಯ ಮೇಡಂ. ಯಾರ ಕೂಡಾನೂ ಒಂದು ಮಾತಿಲ್ಲ."

"ಎರಡು ಮೂರು ವಾರದಾಗ ಇಲ್ಲಿ ಏನಾರ ತಕರಾರು?"

"ಏನಿಲ್ಲ."

"ಸೋಮವಾರ ಸಂಜೆ ನೀವು ಎಲ್ಲಿದ್ರಿ?"

"ಬಳ್ಳಾರಿಯಾಗ, ಅಳಿಯನ ಮನ್ಯಾಗ. ಗಾಂಧಿನಗರ. ಫಂಕ್ಷನ್ ಇತ್ತು, ನೂರು ಮಂದಿ ನೋಡ್ಯಾರ."

ಹೊರಗೆ ಬಂದು ಮಿಲ್ಲಿನೊಳಗೆ ನಡೆದರು. ಯಂತ್ರಗಳ ಸಾಲಿನ ಮೂಲೆಯಲ್ಲಿ ಗಾಜಿನ ಕ್ಯಾಬಿನ್ ಇತ್ತು. ಬಾಗಿಲ ಮೇಲೆ ಹಿತ್ತಾಳೆಯ ಫಲಕ: 'ಭೀಮರಾಜ, ಪ್ರೊಡಕ್ಷನ್ ಮ್ಯಾನೇಜರ್'. ಒಳಗೆ ಕೂತಿದ್ದವನು ಎದ್ದು ನಿಂತ. ನೆರೆತ ಕೂದಲು, ಅಂಗಿಯ ತೋಳ ಮೇಲೆ ಬಿಳಿ ಧೂಳು.

"ಭೀಮರಾಜ್?"

"ಅಲ್ರಿ. ನಾನು ದೊಡ್ಡಬಸವರಾಜ. ಭೀಮರಾಜ ಅಂದ್ರ ಮಾಲಕರ ಅಳಿಯಂದ್ರು. ಅವರು ತಿಂಗಳಿಗೊಮ್ಮೆ ಬರ್ತಾರ."

"ನೀವು ಏನಾಗಿದ್ದೀರಿ ಇಲ್ಲಿ?"

ಅವನು ತೋಳಿನ ಧೂಳು ಕೊಡವಿಕೊಂಡ. "ಕೆಲಸ ನೋಡ್ತೀನ್ರಿ" ಎಂದ.

ಅವನೊಂದಿಗೆ ಮಾತಾಡಿದ ಸ್ವಲ್ಪ ಹೊತ್ತಿನಲ್ಲಿ ನಾಲ್ಕು ಮಂದಿ ಬಾಗಿಲು ತಳ್ಳಿ ಬಂದರು. ಡ್ರೈಯರಿನವನು ಭತ್ತದ ತೇವ ಹೇಳಿ ನಿಲ್ಲಿಸಲೇ ಅಂದ. ಪಾಲಿಷರಿನ ಬೇರಿಂಗು ಬಿಸಿಯಾಗುತ್ತಿದೆ ಎಂದು ಒಬ್ಬ ಬಂದ. ಹಮಾಲರು ಎರಡನೇ ಪಾಳಿಗೆ ಬರುವುದಿಲ್ಲವಂತೆ ಎಂದು ಮತ್ತೊಬ್ಬ. ಲಾರಿ ತೂಕದ್ದೇನೋ ಕೇಳಲು ಇನ್ನೊಬ್ಬ. ದೊಡ್ಡಬಸವರಾಜ ಪ್ರತಿಯೊಬ್ಬನಿಗೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ.

"ಗೌಸಸಾಬ್ ನಿಮಗೆ ಹೆಂಗ ಪರಿಚಯ?"

"ಗೌಸಣ್ಣ ಅಂತಿದ್ದೆ ನಾನು. ನಾ ಬಂದ ದಿನ ಹಾಜರಿ ಪುಸ್ತಕದಾಗ ನನ್ನ ಹೆಸರು ಹಚ್ಚಿಕೊಂಡೋರೇ ಅವರು. ಹನ್ನೊಂದು ವರ್ಷ ಜೋಡಿ ಉಂಡೀವಿ."

"ಸೋಮವಾರ ಸಂಜೆ?"

"ಇಲ್ಲೇ ಇದ್ದೆ. ರಾತ್ರಿ ಹತ್ತರತನಕ."

ಹುಲುಗೇಶ ಬರೆದುಕೊಂಡ. ದೊಡ್ಡಬಸವರಾಜನ ಮೊಬೈಲಿನ ಟವರ್ ವಿವರ ಮರುದಿನ ಬಂತು. ಸೋಮವಾರ ಸಂಜೆಯಿಂದ ರಾತ್ರಿಯವರೆಗೂ ಅದು ಸಿರುಗುಪ್ಪದ ಟವರಿನಲ್ಲೇ ಇತ್ತು. ಪಾಲಯ್ಯ ಹೇಳಿದ್ದೂ ನಿಜವಿತ್ತು. ಗಾಂಧಿನಗರದ ಫಂಕ್ಷನ್ನಿನ ವಿಡಿಯೋದಲ್ಲಿ ಅವನಿದ್ದ, ಅಳಿಯ ಭೀಮರಾಜನೂ ಇದ್ದ.

ಗೌಸಸಾಬರ ಫೋನ್ ವಿವರದಲ್ಲಿ ಮಾತ್ರ ಒಂದು ಗೊತ್ತಿಲ್ಲದ ನಂಬರು ಮತ್ತೆ ಮತ್ತೆ ಬರುತ್ತಿತ್ತು. ಅದು ಬಳ್ಳಾರಿ ಗಾಂಧಿನಗರದ ಒಂದು ಆಫೀಸಿನದು. ಹೊರದೇಶಕ್ಕೆ ಹೋಗುವವರ ಅರ್ಜಿ ತಯಾರಿಸಿ ಕೊಡುವ ಮುಸ್ತಾಕ್ ಎಂಬವನದು.

*

ಶುಕ್ರವಾರ ಮಧ್ಯಾಹ್ನ. ಮುಸ್ತಾಕ್‌ನ ಆಫೀಸು ಬಟ್ಟೆ ಅಂಗಡಿಯೊಂದರ ಮೇಲಿತ್ತು. ಗೋಡೆಗೆ ಆಸ್ಟ್ರೇಲಿಯಾದ ನಕ್ಷೆ.

"ಗೌಸಸಾಬ್ ಹೊರದೇಶಕ್ಕ ಹೊಂಟಿದ್ರಾ?" ಅಂಜನಾ ಕೇಳಿದರು.

"ಅವರಲ್ಲ ಮೇಡಂ. ಅವರ ದೋಸ್ತ್ ಸಲುವಾಗಿ ಬರ್ತಿದ್ರು. ದೊಡ್ಡಬಸವರಾಜ್."

ಅಂಜನಾ ಹುಲುಗೇಶನ ಕಡೆ ನೋಡಲಿಲ್ಲ. "ಮೊದಲಿಂದ ಹೇಳ್ರಿ" ಎಂದರು.

ಮುಸ್ತಾಕ್ ಹೇಳಿದ. ಆಸ್ಟ್ರೇಲಿಯಾಕ್ಕೆ ಕೌಶಲ್ಯದ ಮೇಲೆ ವಲಸೆ ಹೋಗಬೇಕಾದರೆ ಮೊದಲು ಅಲ್ಲಿನ ಸಂಸ್ಥೆಯೊಂದು ಮೌಲ್ಯಮಾಪನ ಮಾಡುತ್ತದೆ. ನೀನು ಹೇಳುವ ಕೆಲಸ ನಿಜವಾಗಿ ನೀನು ಮಾಡಿದ್ದೀಯಾ ಎಂದು ನೋಡುತ್ತದೆ. ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಅಂದರೆ ಒಂದು ಪಾಳಿ, ಒಂದು ಮಷೀನು ನೋಡಿಕೊಳ್ಳುವವನಲ್ಲ. ಇಡೀ ಉತ್ಪಾದನೆ ಅವನ ತಲೆ ಮೇಲಿರಬೇಕು. ಯೋಜನೆ, ಖರ್ಚು, ಗುಣಮಟ್ಟ, ಆಳು, ರಿಪೇರಿ, ಸುರಕ್ಷತೆ. ಅವನ ಕೈಕೆಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ ಎಂದು ನಕ್ಷೆ ಬರೆದು ತೋರಿಸಬೇಕು. ಸೂಪರ್‌ವೈಸರ್ ಅಂತ ಕಂಡರೆ ಅರ್ಜಿ ಬಿದ್ದಂತೆ.

"ಅದನ್ನ ಯಾರು ಖಾತ್ರಿ ಮಾಡಬೇಕು?"

"ಕೆಲಸ ಕೊಟ್ಟೋರು, ಮೇಡಂ. ಲೆಟರ್‌ಹೆಡ್ ಮ್ಯಾಲೆ ಬರೆದು ಸಹಿ ಮಾಡಬೇಕು. ಪಾಲಯ್ಯನವರು ಕೊಡಲಿಲ್ಲ. ಅವರ ಅಳಿಯನೂ ಇದೇ ಹುದ್ದೆ ತೋರಿಸಿ ಅರ್ಜಿ ಹಾಕ್ಯಾನ. ಒಂದು ಮಿಲ್ಲಿಗೆ ಇಬ್ಬರು ಪ್ರೊಡಕ್ಷನ್ ಮ್ಯಾನೇಜರ್ ಎಲ್ಲಿಂದ ಬರ್ತಾರ?"

"ಮತ್ತ?"

"ಲೆಟರ್ ಸಿಗದಿದ್ರ ಅರ್ಜಿದಾರ ತಾನೇ ಪ್ರಮಾಣ ಮಾಡಿ ಬರೆದುಕೊಡಬಹುದು. ಜೋಡಿ ಕೆಲಸ ಮಾಡಿದೋರೊಬ್ರು ಹೌದು ಅಂತ ಬರೀಬೇಕು. ಅದಕ್ಕ ಗೌಸ್ ಚಾಚಾ ಬಂದ್ರು. 'ನಾ ಬರೆದ್ರ ನಡೀತೈತೇನಪ್ಪಾ?' ಅಂದ್ರು. ನಡೀತೈತಿ, ಆದ್ರ ಆಸ್ಟ್ರೇಲಿಯಾದೋರು ಫೋನ್ ಮಾಡಿ ಕೇಳಬಹುದು ಅಂದೆ. 'ಕೇಳ್ಲಿ, ನಾ ಹೇಳ್ತೀನಿ' ಅಂದ್ರು."

"ಫೋನ್ ಬಂತಾ?"

"ಜನವರಿ ಕೊನೀಗೆ ಬಂದಿರಬೇಕು, ಮಿಲ್ಲಿನ ಆಫೀಸಿಗೆ. ಸೋಮವಾರ ಬೆಳಿಗ್ಗೆ ಫಲಿತಾಂಶ ಬಂತು. ನೆಗೆಟಿವ್. ಈ ಮಿಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಬೇರೆ, ಅರ್ಜಿದಾರ ಸೂಪರ್‌ವೈಸರ್ ಅಂತ ಮಿಲ್ಲಿನ ಆಫೀಸ್‌ನವರೇ ಹೇಳ್ಯಾರಂತ. ನಾನೇ ದೊಡ್ಡಬಸವರಾಜ್‌ಗೆ ಓದಿ ಹೇಳಿದೆ."

"ಮತ್ತೊಮ್ಮೆ ಹಾಕಬಹುದಲ್ಲ?"

ಮುಸ್ತಾಕ್ ತಲೆಯಾಡಿಸಿದ. "ಮಾರ್ಚ್‌ನಾಗ ಅವರಿಗೆ ನಲವತ್ತೈದು ತುಂಬತೈತಿ ಮೇಡಂ. ಆಮ್ಯಾಲೆ ಬಾಗಿಲು ಬಂದ್."

"ಕೇಳಿ ಏನಂದ?"

"ಬರೇ ಥ್ಯಾಂಕ್ಸ್ ಅಂತ ಹೇಳಿ ಇಟ್ಟ."

ಜೀಪಿನಲ್ಲಿ ಹುಲುಗೇಶ ಕೇಳಿದ: "ಆದ್ರ ಮೇಡಂ, ಟವರ್ ನೋಡಿದ್ರ ಅವನು ಮಿಲ್ ಬಿಟ್ಟಿಲ್ಲ."

"ಫೋನ್ ಮಿಲ್ ಬಿಟ್ಟಿಲ್ಲ" ಎಂದರು ಅಂಜನಾ.

*

ಶನಿವಾರ ಅವರಿಬ್ಬರೂ ಮಿಲ್ಲಿಗೆ ಹೋದದ್ದು ಸಾದಾ ಬಟ್ಟೆಯಲ್ಲಿ. ಪಾಲಯ್ಯನ ಕೋಣೆಗಾಗಲಿ, ಗಾಜಿನ ಕ್ಯಾಬಿನ್ನಿಗಾಗಲಿ ಹೋಗಲಿಲ್ಲ. ಹುಲುಗೇಶ ಕುಡತಿನಿ ಕಡೆಯವನು. ಅವನ ತಂದೆ ಹಮಾಲಿ ಮಾಡಿದವರು. ಹಿಂದಿನ ಗೋದಾಮಿನಲ್ಲಿ ಬೇರೆ ಮಾಡಿಟ್ಟ ಚೀಲಗಳ ಒಂದು ಒಟ್ಟಿಲು ಅವನ ಕಣ್ಣಿಗೆ ಬಿತ್ತು. ಒಂದು ಚೀಲದ ಬಾಯಿ ಬಿಚ್ಚಿ ಅಕ್ಕಿ ಅಂಗೈಗೆ ಸುರಿದುಕೊಂಡ. ಹಳದಿಗೆ ತಿರುಗಿತ್ತು.

ಬಾಯ್ಲರ್ ನೋಡಿಕೊಳ್ಳುವ ಉಚ್ಚೆಂಗೆಪ್ಪ ಅಲ್ಲೇ ಬೀಡಿ ಸೇದುತ್ತ ನಿಂತಿದ್ದ. ಪೊಲೀಸರೆಂದು ತಿಳಿದು ಬೀಡಿ ಬಿಸಾಕಿದ.

"ಇದ್ಯಾಕ ಹಿಂಗಾತು?" ಹುಲುಗೇಶ ಕೇಳಿದ.

"ಉಗಿ ಹೆಚ್ಚಾತ್ರಿ. ಭತ್ತ ಬೆಂದು ಬಣ್ಣ ತಿರುಗಿಬಿಡ್ತು."

"ಯಾವತ್ತು?"

"ಸೋಮವಾರ ಸಂಜಿ."

"ನೀನು ನೋಡ್ತಿರ್ಲಿಲ್ಲೇನು?"

"ನೋಡ್ತಿದ್ದೆ. ವಾಲ್ವ್ ಹಿಡಕೊಂಡಿತ್ತು. ಅದನ್ನ ಸಾಹೇಬ್ರೇ ನೋಡಬೇಕು. ದೊಡ್ಡಬಸವರಾಜ ಸಾಹೇಬ್ರು. ಫೋನ್ ಮಾಡಿದೆ, ಎತ್ತಲಿಲ್ಲ. ಓಡಿಹೋಗಿ ನೋಡಿದ್ರ ಕ್ಯಾಬಿನ್‌ನಾಗ ಟೇಬಲ್ ಮ್ಯಾಲೆ ಫೋನ್ ಹೊಡಕೋತಿತ್ತು, ಸಾಹೇಬ್ರು ಇರ್ಲಿಲ್ಲ."

"ಎಷ್ಟೊತ್ತಿಗೆ?"

"ಹೊತ್ತು ಮುಳುಗಿ, ಮಗರಿಬ್ ಬಾಂಗ್ ಕೂಗಿ ಸ್ವಲ್ಪ ಹೊತ್ತಾಗಿತ್ತು. ಎಂಟೂವರೆಗೆ ಬಂದ್ರು. ಅಷ್ಟೊತ್ತಿಗೆ ಎಲ್ಲಾ ಕೆಟ್ಟು ಮಿಲ್ ನಿಂತುಹೋಗಿತ್ತು."

"ಬೈದ್ರೇನು?"

"ಇಲ್ರಿ, ಅದೇ ನಂಗ ಆಶ್ಚರ್ಯ." ಉಚ್ಚೆಂಗೆಪ್ಪ ಇಬ್ಬರ ಮುಖವನ್ನೂ ನೋಡಿದ. "ಮಗಳು ಹುಟ್ಟಿದ ರಾತ್ರೀನೂ ಆಸ್ಪತ್ರೆಯಿಂದ ಫೋನ್ ಎತ್ತಿ ಮಾತಾಡಿದ ಮನುಷ್ಯ ಅವರು. ಹನ್ನೊಂದು ವರ್ಷದಾಗ ಸಾಹೇಬ್ರು ಇಲ್ಲ ಅಂತ ಮಿಲ್ ನಿಂತದ್ದು ಅವತ್ತೊಂದೇ ಸಲ."

ಆಮೇಲಿನ ಕೆಲಸ ಬೇಗ ಆಯಿತು. ಕುರುಗೋಡು ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ದೊಡ್ಡಬಸವರಾಜನ ಬಿಳಿ ಕಾರು ಸೋಮವಾರ ಸಂಜೆ ಹೋದದ್ದೂ ಇತ್ತು, ತಿರುಗಿ ಬಂದದ್ದೂ ಇತ್ತು. ಹೋಗುವಾಗ ಅದರ ಮುಂದೆ ಸ್ವಲ್ಪ ದೂರದಲ್ಲಿ ಗೌಸಸಾಬರ ಬೈಕಿತ್ತು. ಬರುವಾಗ ಕಾರು ಒಂದೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡಬಸವರಾಜನನ್ನು ಮಿಲ್ಲಿನಲ್ಲೇ ದಸ್ತಗಿರಿ ಮಾಡಿದರು. ಪೊಲೀಸರನ್ನು ಕಂಡಾಗ ಅವನು ಭತ್ತ ಮೇಲೆತ್ತುವ ಎಲಿವೇಟರಿನ ಬೆಲ್ಟ್ ಬಿಗಿಸುತ್ತಿದ್ದ. ಕೈ ಒರೆಸಿಕೊಂಡು, ಪಕ್ಕದ ಹುಡುಗನಿಗೆ, "ಇದನ್ನ ಸಂಜಿಗೆ ಮತ್ತೊಮ್ಮೆ ಬಿಗಿ ಮಾಡು, ಸಡಲಾಗತೈತಿ" ಎಂದು ಹೇಳಿ ಕೆಳಗಿಳಿದ. ದಸ್ತಗಿರಿಯ ಕಾರಣಗಳನ್ನು ಬರೆದು ಕೊಟ್ಟರು. ಹೆಂಡತಿಗೆ ಫೋನಿನಲ್ಲಿ ತಿಳಿಸಿದರು. ಜೀಪು ಹತ್ತುವವರೆಗೂ ಮಿಲ್ಲಿನ ಯಾವ ಯಂತ್ರವೂ ನಿಲ್ಲಲಿಲ್ಲ.

*

ಕುರುಗೋಡು ಠಾಣೆ. ಅಂಜನಾ ಎದುರಿಗೆ, ಎರ್ರಿ ಬರೆಯಲು, ಹುಲುಗೇಶ ಬಾಗಿಲ ಹತ್ತಿರ.

"ಸೋಮವಾರ ಸಂಜೆ ಎಲ್ಲಿದ್ರಿ?"

"ಕಾಲುವಿ ಹತ್ರ."

"ಯಾರು ಕರೆದ್ರು?"

"ನಾನೇ ಕರದೆ. ಗೌಸಣ್ಣಗ, ನೀ ಮುಂದ ಹೋಗಿ ಏರಿ ಮ್ಯಾಲೆ ನಿಂತಿರು, ಒಂದು ಮಾತು ಐತಿ ಅಂದೆ."

"ಮಿಲ್‌ನಾಗ ಯಾಕ ಮಾತಾಡಲಿಲ್ಲ?"

"ಅಲ್ಲಿ ನನಗ ಯಾರೂ ಎರಡು ನಿಮಿಷ ಬಿಡೂದಿಲ್ರಿ."

ನೀರು ಕೇಳಿದ. ಕುಡಿದ. ಆಮೇಲೆ ತಾನಾಗಿಯೇ ಹೇಳತೊಡಗಿದ, ಎರ್ರಿಯ ಪೆನ್ನು ನಿಂತಾಗ ತಾನೂ ನಿಲ್ಲುತ್ತ.

"ಆ ಸಂಸ್ಥೆಯವರು, ನೀ ದಿನಾ ಏನ್ ಮಾಡ್ತಿ ಬರೀ ಅಂದ್ರು. ನಾನು ಗೌಸಣ್ಣ ಕ್ಯಾಂಟೀನ್‌ನಾಗ ಕೂತು ಬರದ್ವಿ. ಮೊದಲು ಕನ್ನಡದಾಗ ಬರದ್ವಿ. ನಾ ಒಂದು ಹೇಳಿದ್ರ ಗೌಸಣ್ಣ, ಇದನ್ನ ಬಿಟ್ಟಿ, ಅದನ್ನ ಬಿಟ್ಟಿ ಅಂತ ನೆನಪು ಮಾಡ್ತಿದ್ದ. ಬಾಯ್ಲರ್ ಒಡೆದಾಗ ಮಂದೀನ ಹೊರಗ ಹಾಕಿದ್ದು, ಬಣ್ಣ ನೋಡಿ ಅಕ್ಕಿ ಆರಿಸೋ ಸಾರ್ಟೆಕ್ಸ್ ಮಷೀನ್ ತಂದು ಕೂಡಿಸಿದ್ದು, ಎರಡು ಪಾಳಿ ಮೂರು ಮಾಡಿದ್ದು. ಬರಕೋತ ಹೋದಂಗ ನನಗ ಗೊತ್ತಾತು, ಇಷ್ಟೆಲ್ಲಾ ನಾ ಮಾಡೀನಿ ಅಂತ. ಹನ್ನೊಂದು ವರ್ಷ ಯಾರೂ ಕೇಳಿರ್ಲಿಲ್ರಿ. ಆ ದೇಶದೋರು ಕೇಳಿದ್ರು."

"ಆಮೇಲೆ?"

"ಆಮ್ಯಾಲೆ ಅವರೇ ಬರದ್ರು, ನೀನು ಬರೇ ಸೂಪರ್‌ವೈಸರ್ ಅಂತ ನಿಮ್ಮ ಆಫೀಸ್ ಹೇಳೈತಿ ಅಂತ. ಆಫೀಸ್ ಅಂದ್ರ ಯಾರ್ರಿ? ಗೌಸಣ್ಣ. ಫೋನ್ ಎತ್ತೋನು ಅವನೊಬ್ಬನೇ. ಬ್ಯಾರೆ ಯಾರಾರ ಅಂದಿದ್ರ ನಾ ಸಹಿಸ್ತಿದ್ದೆ. ಅವನು ಕೂತು ಬರಸ್ಯಾನ. ಎಲ್ಲಾ ಗೊತ್ತಿದ್ದೂ ಇಲ್ಲ ಅಂದಾನ."

"ಅವರನ್ನ ಕೇಳಿದ್ರಾ?"

"ಕೇಳಿದೆ. ಫೋನ್‌ನಾಗ ಏನ್ ಹೇಳಿದ್ಯೋ ಗೌಸಣ್ಣಾ ಅಂದೆ. ತಲಿ ಕೆಳಗ ಹಾಕಿದ. 'ಆಗಿಹೋತು ಬಸವರಾಜ, ಬಿಟ್ಟುಬಿಡು' ಅಂದ. ಮತ್ತೊಮ್ಮೆ ಕೇಳಿದೆ. 'ನನ್ನ ಕೇಳಬ್ಯಾಡ' ಅಂತ ಬೈಕ್ ಕಡೆ ತಿರುಗಿದ."

"ಯಾತರಿಂದ ಹೊಡೆದ್ರಿ?"

"ಪಾನಾ. ಬಾಯ್ಲರ್ ಪೈಪಿನ ನಟ್ಟು ತಿರುವೋ ದೊಡ್ಡ ಪಾನಾ. ಕಾರಿನಾಗ ಇತ್ತು." ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ. "ಹೊಡೀಬೇಕು ಅಂತ ಹೋಗಿರ್ಲಿಲ್ರಿ."

"ಫೋನ್ ಯಾಕ ಕ್ಯಾಬಿನ್‌ನಾಗ ಬಿಟ್ಟು ಹೋದ್ರಿ?"

ಅಂಜನಾ ಕಾದರು. ಆಮೇಲೆ, "ಉತ್ತರ ಕೊಟ್ಟಿರುವುದಿಲ್ಲ ಅಂತ ಬರಿ" ಎಂದು ಎರ್ರಿಗೆ ಹೇಳಿದರು.

ಅವನೇ ತೋರಿಸಿದ ಜಾಗದಲ್ಲಿ, ಮಿಲ್ಲಿನ ಹಿಂದಿನ ಬೂದಿ ಗುಂಡಿಯಲ್ಲಿ, ಪಂಚರ ಸಮಕ್ಷಮ ಪಾನಾ ಸಿಕ್ಕಿತು. ಗೌಸಸಾಬರ ಫೋನನ್ನು ಬಾಯ್ಲರ್ ಬೆಂಕಿಗೆ ಹಾಕಿದ್ದ. ಕರಗಿದ ಒಂದು ತುಂಡು ದೊರೆಯಿತು. ಎರಡನ್ನೂ ಮೊಹರು ಮಾಡಿ ಪರೀಕ್ಷೆಗೆ ಕಳಿಸಿದರು.

*

ಸಂಜೆ ಅಂಜನಾ ಒಬ್ಬರೇ ಶಹಜಾದಿಯವರ ಮನೆಗೆ ಹೋದರು. ಆರೋಪಿ ಸಿಕ್ಕಿದ್ದಾನೆಂದು ಹೇಳುವುದು ಅವರ ಕೆಲಸವಾಗಿತ್ತು. ಹೆಸರು ಕೇಳಿ ಶಹಜಾದಿ ನಂಬಲಿಲ್ಲ.

"ಬಸವರಾಜಣ್ಣ? ಅವರು ನಮ್ಮ ಮನ್ಯಾಗ ಉಂಡು ಹೋಗ್ಯಾರ್ರಿ. ಈದ್‌ಗೆ ಮಕ್ಕಳನ್ನ ಕರಕೊಂಡು ಬರ್ತಿದ್ರು."

"ಯಾಕ ಮೇಡಂ?" ಸುಲ್ತಾನಾ ಕೇಳಿದಳು.

ಅಂಜನಾ ಹೇಳಿದರು. ಆಸ್ಟ್ರೇಲಿಯಾದಿಂದ ಬಂದ ಫೋನು, ಅದಕ್ಕೆ ಸಿಕ್ಕ ಉತ್ತರ, ಬಸವರಾಜ ತಿಳಿದುಕೊಂಡದ್ದು. ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಮುಖ ಬದಲಾಗಿತ್ತು.

"ಅಬ್ಬಾ ಹಂಗ ಹೇಳೇ ಇಲ್ರಿ."

"ನಿನಗ ಹೆಂಗ ಗೊತ್ತು?"

"ಆ ಫೋನ್ ಬಂದ ದಿನ ರಾತ್ರಿ ನನಗ ಹೇಳಿದ್ರು. ಅಮ್ಮಾಗ ಹೇಳಬ್ಯಾಡ ಅಂದಿದ್ರು. ಫೋನ್ ಬಂದಾಗ ಅಬ್ಬಾನೇ ಎತ್ತಿದ್ರಂತ. ಬಸವರಾಜ ಅಂದ್ರ ಯಾರು ಅಂತ ಕೇಳಿದ್ರಂತ. 'ಅವರಿಲ್ಲ ಅಂದ್ರ ನಮ್ಮ ಮಿಲ್ ಒಂದು ದಿನ ನಡಿಯಂಗಿಲ್ಲ. ಹನ್ನೊಂದು ವರ್ಷದಿಂದ ಇದನ್ನ ನಡಸೋರೇ ಅವರು' ಅಂತ ಅಬ್ಬಾ ಹಿಂದಿಯಾಗ ಹೇಳಿದ್ರಂತ, ಆ ಕಡೆ ಹಿಂದಿ ಬರೋರೇ ಇದ್ರಂತ. ಅಷ್ಟರಾಗ ಮಾಲಕ್ರು ಬಂದು ಕೈಯಾಗಿಂದ ಫೋನ್ ಕಸ್ಕೊಂಡ್ರು. ಇವನು ಬರೇ ಕ್ಲರ್ಕ್, ಇವನಿಗೇನೂ ಗೊತ್ತಿಲ್ಲ, ನಾ ಮಾಲಕ ಹೇಳ್ತೀನಿ ಕೇಳ್ರಿ ಅಂದ್ರಂತ."

"ಅಪ್ಪ ಅದನ್ನ ಬಸವರಾಜ್‌ಗೆ ಯಾಕ ಹೇಳಲಿಲ್ಲ?"

ಸುಲ್ತಾನಾ ಬಾಗಿಲ ಕಡೆ ನೋಡಿದಳು. "'ನಾ ಅಲ್ಲೇ ನಿಂತಿದ್ದೆ, ಫೋನ್ ಬಿಟ್ಟುಕೊಟ್ಟೆ, ಬಾಯಿ ತೆರೀಲಿಲ್ಲ, ಯಾವ ಮುಖ ಇಟ್ಕೊಂಡು ಹೇಳ್ಲಿ' ಅಂದ್ರು ಅಬ್ಬಾ. ಆಸ್ಟ್ರೇಲಿಯಾದ ಕಾಗದ ಬರ್ಲಿ, ಒಳ್ಳೇದಾದ್ರೂ ಆಗಬಹುದು ಅಂದ್ರು."

ಅಂಜನಾ ಏಳುವಾಗ ಶಹಜಾದಿ ಅಂದರು: "ಬಸವರಾಜಣ್ಣಗ ಹೇಳ್ರಿ ಮೇಡಂ. ನಮ್ಮವ್ರು ಏನ್ ಅಂದ್ರು ಅಂತ ಅವರಿಗೆ ಗೊತ್ತಾಗಬೇಕು."

ಸೋಮವಾರ ಬೆಳಿಗ್ಗೆ ಪಾಲಯ್ಯನನ್ನು ಠಾಣೆಗೆ ಕರೆಸಿದರು. ಮೊದಲು, ಆ ಫೋನಿನಲ್ಲಿ ತಾನು ಮಾತಾಡಿಯೇ ಇಲ್ಲ ಅಂದ. ಆಫೀಸಿನ ಕ್ಯಾಮೆರಾದ ರೆಕಾರ್ಡಿಂಗ್ ತೆಗೆಸುತ್ತೇವೆ ಅಂದಾಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಹೌದು, ನಾನೇ ಮಾತಾಡಿದೆ. ಅದೇನು ಅಪರಾಧ ಏನ್ರಿ? ನನ್ನ ಮಿಲ್ಲು. ಯಾರು ಏನು ಅಂತ ನಾ ಹೇಳಬೇಕು."

"ಉತ್ಪಾದನೆ ಯಾರು ನೋಡ್ತಿದ್ರು?"

"ಬಸವರಾಜ."

"ಇಡೀ ಮಿಲ್ಲಿಂದಾ?"

"ಹೌದ್ರಿ. ಅವನು ಹೋದ್ರ ಯಾರು ನಡಸ್ತಾರ? ಅದಕ್ಕೇ..." ಎಂದು ಹೇಳಿ, ಉಳಿದದ್ದನ್ನು ನುಂಗಿಕೊಂಡ. ಎರ್ರಿ ಅಷ್ಟನ್ನೂ ಸಾಕ್ಷಿಯ ಹೇಳಿಕೆಯಾಗಿ ಬರೆದುಕೊಂಡ. ಪಾಲಯ್ಯನ ಮೇಲೆ ಹಾಕಲು ಈ ಪ್ರಕರಣದಲ್ಲಿ ಯಾವ ಕಲಮೂ ಇರಲಿಲ್ಲ. ಟೀ ಕುಡಿಯದೆ ಕಾರು ಹತ್ತಿ ಹೋದ.

ಅಂದೇ ಆರೋಪಿಯನ್ನು ಬಳ್ಳಾರಿಯಲ್ಲಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನ ಆಯಿತು. ಜೈಲಿಗೆ ಹೊರಡುವ ಮೊದಲು ನ್ಯಾಯಾಲಯದ ಮೊಗಸಾಲೆಯ ಬೆಂಚಿನ ಮೇಲೆ ಅವನನ್ನು ಕೂಡಿಸಿದ್ದರು, ಪಕ್ಕದಲ್ಲಿ ಹುಲುಗೇಶ. ಅಂಜನಾ ಬಂದು ಎದುರಿಗೆ ನಿಂತರು. ಹೇಳಬೇಕಾದ್ದನ್ನು ಕೂಡಿಸದೆ ಕಳೆಯದೆ ಹೇಳಿದರು.

ದೊಡ್ಡಬಸವರಾಜ ಮೊದಲು ಅರ್ಥವಾಗದವನಂತೆ ನೋಡಿದ.

"ಗೌಸಣ್ಣ ಏನಂದನಂತ?"

ಅಂಜನಾ ಮತ್ತೊಮ್ಮೆ ಹೇಳಿದರು. ಅವರಿಲ್ಲ ಅಂದ್ರ ನಮ್ಮ ಮಿಲ್ ಒಂದು ದಿನ ನಡಿಯಂಗಿಲ್ಲ. ಹನ್ನೊಂದು ವರ್ಷದಿಂದ ಇದನ್ನ ನಡಸೋರೇ ಅವರು.

ಅವನ ಬಾಯಿ ಅಲುಗಿತು. ಆ ಮಾತನ್ನು ತನ್ನೊಳಗೇ ಅಂದುಕೊಳ್ಳುತ್ತಿದ್ದಂತೆ ಕಂಡಿತು. ಬೇಡಿ ಹಾಕಿದ ಎರಡೂ ಕೈಗಳನ್ನು ಎತ್ತಿ ಮುಖ ಮುಚ್ಚಿಕೊಂಡ. ಹುಲುಗೇಶ ಹೆಗಲು ಹಿಡಿದು ಎಬ್ಬಿಸಲು ಹೋದ. ಅಂಜನಾ ಬೇಡವೆಂದು ಕೈ ಮಾಡಿದರು. ಮೊಗಸಾಲೆಯಲ್ಲಿ ಮಂದಿ ಓಡಾಡುತ್ತಿದ್ದರು. ಯಾರದೋ ಹೆಸರನ್ನು ಜವಾನ ಮೂರು ಸಲ ಕೂಗಿದ. ಬಹಳ ಹೊತ್ತಿನ ಮೇಲೆ ಅವನು ಕೈಯಿಳಿಸಿ, "ನನ್ನ ಮುಂದ ಅಂದಿದ್ರ ಸಾಕಿತ್ತಲ್ಲೋ" ಎಂದ. ಅದು ಅಂಜನಾಗೆ ಅಂದದ್ದಾಗಿರಲಿಲ್ಲ.

ದೋಷಾರೋಪ ಪಟ್ಟಿ ಮೇ ತಿಂಗಳಲ್ಲಿ ಸಲ್ಲಿಕೆಯಾಯಿತು. ಕೊಲೆಯ ಉದ್ದೇಶವೆಂಬ ಕಡೆ ಅಂಜನಾ ನಾಲ್ಕು ಸಾಲು ಬರೆಸಿದರು. ಆರೋಪಿಗೆ ಮೃತನೊಂದಿಗೆ ಹಣದ ವ್ಯವಹಾರವಾಗಲಿ, ಹಳೆಯ ದ್ವೇಷವಾಗಲಿ ಇರಲಿಲ್ಲ. ತಾನು ಮಾಡಿದ ಕೆಲಸವನ್ನು ಮಾಡಿಲ್ಲವೆಂದು, ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸ್ನೇಹಿತನೇ ಹೇಳಿದನೆಂದು ಅವನು ನಂಬಿದ್ದ. ಆ ನಂಬಿಕೆ ತಪ್ಪಾಗಿತ್ತು.